ಒಂದು ಅಂದರೆ ಎಷ್ಟು?

"ಒಂದೇ ಕನವ್ವ, ಜಾಸ್ತಿ ಇಲ್ಲ" ಅಂದರು ಅಣ್ಣ, ಜಗಲಿ ಮೇಲೆ ಕೂತು. ನಾನು ಫಾರಮ್ಮಿನಲ್ಲಿ ಒಂದು ಅಂತ ಬರೆಯುವಷ್ಟರಲ್ಲಿ ಅವರ ಹೆಂಡತಿ, ಆ ಮನೆಯ ಅಕ್ಕ, ಒಳಗಿಂದ ಖಾಲಿ ಪ್ಯಾಕೆಟ್ಟೊಂದನ್ನು ತಂದು ಮುಂದಿಟ್ಟರು. 90 ಮಿಲಿ ವಿಸ್ಕಿ.

ಸುತ್ತೂರಿನ ಆಸುಪಾಸಿನಲ್ಲಿ ಕುಡಿತದ ಮಾಹಿತಿ ಬರೆದುಕೊಳ್ಳುವ ಕೆಲಸ ನನ್ನದು. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪ್ರಶ್ನಾವಳಿಯಲ್ಲಿ ಒಂದು ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 42.8ರ ವಿಸ್ಕಿಯಲ್ಲಿ ಅದು ಸುಮಾರು 30 ಮಿಲಿ. ಹಾಗಾಗಿ ಅಣ್ಣನ ಒಂದು ನೈಂಟಿ ನನ್ನ ಲೆಕ್ಕಕ್ಕೆ ಮೂರು, ಕ್ವಾರ್ಟರ್ ಆದರೆ ಆರು. 'ಕುಡಿದ ದಿನ ಎಷ್ಟು ಕುಡಿಯುತ್ತೀರಿ' ಎಂಬ ಪ್ರಶ್ನೆಗೆ ಒಂದು ಅಂತ ಬರೆದರೆ ಸೊನ್ನೆ ಅಂಕ, ಮೂರು ಅಂದರೆ 1, ಆರು ಅಂದರೆ 2. ಹತ್ತು ಪ್ರಶ್ನೆ ಸೇರಿ 8 ಅಥವಾ ಹೆಚ್ಚು ಅಂಕ ಬಂದವರಿಗೆ ಕುಡಿತ ಅಪಾಯದ ಹಾದಿ ಹಿಡಿದಿದೆ ಎಂದರ್ಥ. ನನ್ನ ಪೆನ್ನು ತಪ್ಪಿದರೆ ಚಿಕಿತ್ಸೆ ಬೇಕಾದ ಮನುಷ್ಯ ಪಟ್ಟಿಯಿಂದಲೇ ಬಿಟ್ಟುಹೋಗುತ್ತಾನೆ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಪ್ಯಾಕೆಟ್ ಸಾರಾಯಿ ನಿಂತಿತು, ಆದರೂ ವಯಸ್ಸಾದವರ ಬಾಯಲ್ಲಿ ಪ್ಯಾಕೆಟ್ ಲೆಕ್ಕ ಹೋಗಿಲ್ಲ. ಸಾರಾಯಿ ಪ್ಯಾಕೆಟ್ಟಿನ ಅಳತೆಯೇ ಬೇರೆ ಇತ್ತು.

ಹಿಂದೊಮ್ಮೆ ಎರಡು ಅಧ್ಯಯನಗಳ ದಾಖಲೆ ಸೇರಿಸಲು ಹೋಗಿ ಸೋತೆವು. ಒಂದರಲ್ಲಿ "ಬಿಟ್ಟಿದ್ದಾರೆ" ಅಂದರೆ ವಾರದಿಂದ ಕುಡಿದಿಲ್ಲ, ಇನ್ನೊಂದರಲ್ಲಿ ಮೂರು ತಿಂಗಳಿಂದ. ಅಷ್ಟೂ ಜನ ಹೇಳಿಕೊಂಡ ಕಷ್ಟ ಕೂಡಿಸಲಾಗದೆ ಉಳಿಯಿತು, ಆ ಸಂಕಟ ಇನ್ನೂ ಇದೆ. ಊರಿನ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರೆಷ್ಟು, ಮೈಸೂರಿನ ಆಸ್ಪತ್ರೆಯಲ್ಲಿ, ನಿಮ್ಹಾನ್ಸ್‌ನಲ್ಲಿ ಎಷ್ಟು, ಯಾರಿಗೆ ಯಾವುದು ಹಿಡಿಸಿತು ಅಂತ ತಿಳಿಯಬೇಕಾದರೆ ಎಲ್ಲರೂ ಒಂದೇ ಅಳತೆ, ಒಂದೇ ಅವಧಿ ಕೇಳಬೇಕು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ. 14.6 ಮಂದಿ ಕುಡಿಯುತ್ತಾರೆ ಅಂತ ಬಂತು. ಅದು ಹಿಂದಿನ 12 ತಿಂಗಳ ಲೆಕ್ಕ. ಒಂದು ತಿಂಗಳದ್ದನ್ನು ಕೇಳಿ ಬರೆದ ಸಂಖ್ಯೆಯನ್ನು ಅದರ ಪಕ್ಕ ಇಡುವ ಹಾಗಿಲ್ಲ.

ಅವಧಿ ಕೇಳುವುದೇ ಕಷ್ಟ. "ಹೋದ ತಿಂಗಳು ಎಷ್ಟು ದಿನ?" ಅಂದರೆ ಯಾರಿಗೆ ನೆನಪಿರುತ್ತೆ? ಸೋಬೆಲ್ ದಂಪತಿ ರೂಪಿಸಿದ ವಿಧಾನದಲ್ಲಿ ಕ್ಯಾಲೆಂಡರ್ ಮುಂದಿಟ್ಟು, ಹಬ್ಬ ಹರಿದಿನ ಹಿಡಿದು ಹಿಂದಕ್ಕೆ ಹೋಗುತ್ತೇವೆ. ಪ್ರಶ್ನೆ ಎಲ್ಲ ಕಡೆ ಅದೇ, ಹಬ್ಬ ಮಾತ್ರ ಆಯಾ ಊರಿನದು. ನಮಗಿಲ್ಲಿ ಸುತ್ತೂರು ಜಾತ್ರೆ ಇದೆ.

"ತೇರಿನ ದಿನ ಮುಟ್ನಿಲ್ಲ" ಅಂದರು ಅಣ್ಣ. "ಕುಸ್ತಿ ನೋಡಕ್ಕೆ ನೆಂಟರು ಬಂದ್ರಲ್ಲ, ಅವತ್ತು ಎರಡು ನೈಂಟಿ." ಆ ಖಾನೆಗೆ ಆರು ಬರೆದೆ.

"ಕುಡೀದಿರೋ ದಿನಾನೂ ಬರ್ಕೊಳವ್ವ" ಅಂದರು ಅಕ್ಕ. ಒಂದೊಂದೇ ದಿನ ಕೇಳುತ್ತ ಬಂದೆ. ಆ ತಿಂಗಳಲ್ಲಿ 11 ಸೊನ್ನೆ ಸಿಕ್ಕವು. ಅಕ್ಕ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, ಅಷ್ಟನ್ನೂ ಇನ್ನೊಂದು ಸಲ ಎಣಿಸಿದರು.