ರೀಲು ಸುತ್ತಿದ ಕೈಯಲ್ಲಿ ಬದನೆ ಸಸಿ!

'ಬಂಗಾರದ ಮನುಷ್ಯ' ನೋಡದ ಕನ್ನಡಿಗ ಯಾರಿದ್ದಾನೆ ಹೇಳಿ? 1972ರಲ್ಲಿ ತೆರೆಗೆ ಬಂದ ಚಿತ್ರ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ಅಣ್ಣಾವ್ರ ರಾಜೀವ... ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು! ಬರಡು ನೆಲ ಹಸಿರಾದಾಗ ಶಿಳ್ಳೆ ಹೊಡೆದವರಿಗೆ ಲೆಕ್ಕವಿಲ್ಲ. ಮನೆಗೆ ಹೋಗಿ ಸಲಿಕೆ ಹಿಡಿದವರು ಎಷ್ಟು ಮಂದಿ?

ಒಬ್ಬರು ಹಿಡಿದರು. ನಮ್ಮ ಲೀಲಾವತಿಯಮ್ಮ! ನೂರಾರು ಚಿತ್ರಗಳಲ್ಲಿ ನಟಿಸಿದ ಆಕೆ ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಮಗ ವಿನೋದ್ ರಾಜ್ ಜೊತೆ ತೋಟ ಮಾಡಿದರು. ಊರವರಿಗೆ ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ಕಣ್ಣು ಮುಚ್ಚಿದಾಗ ಅದೇ ತೋಟದ ಮಣ್ಣು ಸೇರಿದರು.

'ಅವರಿಗೆ ತೋಟ ಇತ್ತಪ್ಪ, ನಮಗೇನಿದೆ?' ಅಂತೀರಾ? ಹಾಗಾದರೆ ನನ್ನ ಜೊತೆ ಸುರಪುರಕ್ಕೆ ಬನ್ನಿ.

ಆಪರೇಟರ್ ಕಾಕಾನ ಹಿತ್ತಲು

ಸುರಪುರದ ಗುಡ್ಡದ ಬುಡದ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಹೆಸರು ಹಾಕಬೇಡ ಎಂದಿದ್ದಾರೆ. ಅರ್ಧ ಆಯುಷ್ಯ ಟಾಕೀಸಿನ ಕ್ಯಾಬಿನ್ನಿನಲ್ಲಿ ರೀಲು ಸುತ್ತಿದವರು. ರೀಲು ಹೋಯಿತು, ಟಾಕೀಸೂ ಮುಚ್ಚಿತು, ಪಗಾರ ನಿಂತಿತು. ಪೆನ್ಷನ್ ಇಲ್ಲ, ಕೂಲಿಗೆ ಹೋಗಲು ಮೈಯಲ್ಲಿ ಕಸುವಿಲ್ಲ. ಉಳಿದದ್ದು ಮನೆ ಹಿಂದಿನ 10 ಅಡಿ ಅಗಲ, 20 ಅಡಿ ಉದ್ದದ ಜಾಗ. ಕಸ ಎಸೆಯುತ್ತಿದ್ದ ಜಾಗ!

ಇವತ್ತು ಅಲ್ಲಿ ಬದನೆ, ಬೆಂಡೆ, ಚೌಳಿಕಾಯಿ, ಪುಂಡಿಪಲ್ಲೆ. ಬೇಲಿಗೆ ತೊಗರಿ ಕಟಗಿ. ಅದೇ ಕಟಗಿಯ ಚಪ್ಪರದ ಮೇಲೆ ಹೀರೆಬಳ್ಳಿ. ತೊಗರಿ ನಾಡಿನಲ್ಲಿ ಇದಕ್ಕೆ ದುಡ್ಡು ಕೊಡಬೇಕೇ?

"ತಮ್ಮಾ, ಹೀರಿ ಹೂವು ಸಂಜಿಗಿ ಅರಳತಾವ ನೋಡು. ಸರಿಯಾಗಿ ಫಸ್ಟ್ ಶೋ ಟೈಮಿಗೆ! ನನಗ ಆಗ ಕ್ಯಾಬಿನ್ ನೆನಪಾಗ್ತದ," ಅಂದರು ಕಾಕಾ.

ನಕ್ಕು ಸುಮ್ಮನಾಗಲಿಲ್ಲ, ಲೆಕ್ಕವನ್ನೂ ಹೇಳಿದರು. ವಾರದಲ್ಲಿ ನಾಲ್ಕು ದಿನ ಸಂತೆಯ ಕಾಯಿಪಲ್ಲೆ ಬೇಕಿಲ್ಲ. ಉಳಿದ ರೊಕ್ಕ ಕಾಕಿಯ ಬಿ.ಪಿ. ಗುಳಿಗೆಗೆ. "ಮೊದಲ ಗುಳಿಗಿ ತರಬೇಕೋ, ಪಲ್ಲೆ ತರಬೇಕೋ ಅಂತ ಜಗಳ ಆಗ್ತಿತ್ತು. ಈಗ ಆ ಜಗಳ ಇಲ್ಲ."

ಎರೆಮಣ್ಣಿನ ಸಿಟ್ಟು

ನಮ್ಮ ಕಡೆಯ ಎರೆಮಣ್ಣಿನದು ಖಳನಾಯಕನ ಸ್ವಭಾವ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ಕಾಕಾ ಇದನ್ನು ಬಗ್ಗಿಸಿದ್ದು ಹೀಗೆ: ಮಣ್ಣಿಗೆ ಉಸುಕು ಮತ್ತು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿದರು. ಮಡಿಯನ್ನು ಗೇಣೆತ್ತರ ಏರಿಸಿದರು. ಹಸಿ ಸಗಣಿ ಮಾತ್ರ ಹಾಕಬೇಡಿ, ಬೇರು ಸುಟ್ಟೀತು, ಗೆದ್ದಲು ಬಂದೀತು.

ಬದನೆಯ ಕುಡಿ ಜೋತುಬಿದ್ದರೆ ನೀರು ಕಡಿಮೆಯಾಯಿತು ಎಂದು ತಿಳಿಯುವವರೇ ಹೆಚ್ಚು. ಒಂದೆರಡು ಕುಡಿ ಮಾತ್ರ ಬಾಡಿದ್ದರೆ ಒಳಗೆ ಹುಳು ಕುಂತಿರುತ್ತದೆ. ಆ ಕುಡಿ ಕತ್ತರಿಸಿ ಸುಟ್ಟುಬಿಡಿ, ಇಲ್ಲವಾದರೆ ಅದು ಕಾಯಿಗೂ ಹೊಕ್ಕುತ್ತದೆ. ಎಲೆ ತಿನ್ನುವ ಹುಳಕ್ಕೆ ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಸಿ, ಚೂರು ಸಾಬೂನು ಕರಗಿಸಿ ಸಿಂಪಡಿಸಿದರಾಯಿತು.

ಶಹಾಪುರದ ನುಗ್ಗೆಗಿಡ

ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ಕಾಣುವ ಓಣಿಯೊಂದರಲ್ಲಿ ಹತ್ತಿ ಬಿಡಿಸಲು ಹೋಗುವ ಅಕ್ಕನನ್ನು ಕಂಡೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದ ಮೇಲೆ ಸುತ್ತ ಭತ್ತದ ಗದ್ದೆಗಳಾಗಿವೆ. ಹೊಲವಿಲ್ಲದ ಅಕ್ಕನಿಗೆ ಅದರಿಂದ ಬಂದದ್ದು ಕೂಲಿ ಮಾತ್ರ.

ಆಕೆಯ ಮಗಳು ಬಾಣಂತನಕ್ಕೆ ತವರಿಗೆ ಬಂದಾಗ ದವಾಖಾನೆಯಲ್ಲಿ "ಮೈಯಾಗ ರಕ್ತ ಇಲ್ಲ" ಎಂದರು. ಕಬ್ಬಿಣದ ಗುಳಿಗೆ ಕೊಟ್ಟು, ಸೊಪ್ಪು ತಿನ್ನಿ ಎಂದರು.

"ಗುಳಿಗಿ ಪುಕ್ಕಟ ಕೊಟ್ರು ಅಣ್ಣಾರ. ಸೊಪ್ಪು ಯಾರು ಕೊಡ್ತಾರ? ಅದಕ್ಕ ಬಚ್ಚಲ ಬಾಜೂಕ ನುಗ್ಗಿ ಟೊಂಗಿ ಹಚ್ಚಿದೆ."

ಟೊಂಗೆ ನೆಟ್ಟರೂ ಚಿಗುರುವ ಗಿಡ ನುಗ್ಗೆ. ಸೊಪ್ಪಿನ ಪಲ್ಲೆಗೆ ನಿಂಬೆ ಹಿಂಡಿದರೆ ಅದರ ಕಬ್ಬಿಣದಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದು ಕಡಿಮೆ. ಸೊಪ್ಪು ತಿಂದೆವೆಂದು ಗುಳಿಗೆ ಮಾತ್ರ ಬಿಡಬಾರದು. ಅಕ್ಕನ ಮಗಳು ಎರಡನ್ನೂ ಬಿಡಲಿಲ್ಲ. ಮೊಮ್ಮಗಳು ಈಗ ಅದೇ ಗಿಡದ ನೆರಳಲ್ಲಿ ತೊಟ್ಟಿಲಾಡುತ್ತಾಳೆ!

ಯಾದಗಿರಿಯ ಡಬ್ಬಿ ತೋಟ

ಇನ್ನು ನನ್ನ ಕಥೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು, ಯಾದಗಿರಿಯಲ್ಲಿ ಬಾಡಿಗೆ ಖೋಲಿ, ಹಿತ್ತಲಿಲ್ಲ. ಮಾಳಿಗೆ ಮೇಲೆ ಎಣ್ಣೆ ಡಬ್ಬಿ, ಹಳೆ ಸಿಮೆಂಟ್ ಚೀಲ ಇಟ್ಟೆ. ತಳಕ್ಕೆ ತೂತು, ಮೇಲೆ ಮಣ್ಣು, ಗೊಬ್ಬರ. ದೀಪಾವಳಿ ದಾಟಿದ ತಂಪಿನಲ್ಲಿ ಮೆಂತೆ ಚೆಲ್ಲಿದರೆ 25-30 ದಿನಕ್ಕೆ ಪಲ್ಲೆ ಸಿದ್ಧ. ಬರೆದ ಲೇಖನಕ್ಕೆ ರೊಕ್ಕ ಬರಲು ಎರಡು ತಿಂಗಳು! ನಂಬಿಗಸ್ತ ಯಾರೆಂದು ನೀವೇ ಹೇಳಿ.

ಆದರೆ ಬೇಸಿಗೆ ಬಂತೆಂದರೆ ಯಾದಗಿರಿಯ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಕುಡಿಯುವ ನೀರಿಗೇ ಕೊಡಗಳ ಸಾಲು ಇರುವಾಗ ಗಿಡಕ್ಕೆಲ್ಲಿಯ ನೀರು? ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಬಕೀಟಿನಲ್ಲಿ ಹಿಡಿದಿಟ್ಟು ಹೊತ್ತು ಮುಳುಗಿದ ಮೇಲೆ ಹಾಕುತ್ತೇನೆ. ಬುಡಕ್ಕೆ ಒಣಹುಲ್ಲು, ಮೇಲೆ ಹಳೆ ಸೀರೆಯ ನೆರಳು. ಇಷ್ಟಾದರೂ ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಡಬ್ಬಿ ಖಾಲಿ ಬಿಡುವುದೇ ಜಾಣತನ. ಎಲ್ಲ ಉಳಿಸಲು ಹೋದರೆ ಒಂದೂ ಉಳಿಯುವುದಿಲ್ಲ.

ಗಿಡ ಕಲಿಸಿದ ಪಾಠ ಇದೇ. ಬೆಂಡೆ 45-50 ದಿನಕ್ಕೆ ಕಾಯಿ ಬಿಡುತ್ತದೆ, ಒಂದು ದಿನ ಬಿಟ್ಟು ಒಂದು ದಿನ ಕೀಳಬೇಕು. ನಾಳೆ ನೋಡೋಣ ಎಂದರೆ ಬಲಿತು ನಾರಾಗುತ್ತದೆ. ಅದು ನಮ್ಮ ಪುರುಸೊತ್ತು ಕೇಳುವುದಿಲ್ಲ, ವಶೀಲಿಗೂ ಬಗ್ಗುವುದಿಲ್ಲ.

ಓದುಗರೇ, ಬಸ್ ಕಾಯುತ್ತಾ ಇದನ್ನು ಓದುತ್ತಿರಬಹುದು. ಊರಲ್ಲಿ ಇಳಿದಾಗ ಚಿಲ್ಲರೆ ಉಳಿದಿದ್ದರೆ ಒಂದು ಪಾಕೀಟು ಬೀಜ ತೆಗೆದುಕೊಳ್ಳಿ. ಮಿರಗದ ಮಳೆಗಾದರೆ ಹೀರೆ, ಪುಂಡಿ. ಚಳಿಗಾದರೆ ಮೆಂತೆ, ಕೊತ್ತಂಬರಿ. ಜಾಗ ಇಲ್ಲದಿದ್ದರೆ ಡಬ್ಬಿ ಇದ್ದೇ ಇದೆ. ಮೊದಲ ಪಲ್ಲೆಗೆ ಬಿಸಿ ಜೋಳದ ರೊಟ್ಟಿ ಜೊತೆಗಿರಲಿ!