ಒಲೆ ಹೊತ್ತದ ಮನೆಗೆ ಒಂದು ಪಾತ್ರೆ ಊಟ

ಒಬ್ಬಟ್ಟು ಎಂದೊಡನೆ ಯುಗಾದಿ ನೆನಪಾಗುತ್ತದೆ. ಎಳ್ಳು ಬೆಲ್ಲವೆಂದರೆ ಸಂಕ್ರಾಂತಿ. ಎಲ್ಲ ನಾಡುಗಳಲ್ಲಿಯೂ ಕೆಲವು ತಿನಿಸುಗಳಿಗೆ ಅವುಗಳದೇ ಆದ ದಿನವುಂಟು. ಅಮೆರಿಕದ ಪಶ್ಚಿಮಕ್ಕಿರುವ ಯೂಟಾ ಸಂಸ್ಥಾನದಲ್ಲಿಯೂ ಅಂಥದೊಂದು ಅಡಿಗೆ ಇದೆ. ಆದರೆ ಅದರ ಹೆಸರನ್ನು ಕೇಳಿದರೆ ನೀವು ಒಂದು ಕ್ಷಣ ಬೆಚ್ಚಬಹುದು. ಅದು ‘ಫ್ಯೂನರಲ್ ಪೊಟೇಟೋಸ್’, ಅಂದರೆ ಶವಸಂಸ್ಕಾರದ ಆಲೂಗೆಡ್ಡೆ. ತುರಿದ ಆಲೂಗೆಡ್ಡೆಗೆ ಚೀಸ್, ಹುಳಿ ಕೆನೆ, ಬೆಣ್ಣೆಗಳನ್ನು ಕೂಡಿಸಿ, ಮೇಲೆ ಕಾರ್ನ್ ಫ್ಲೇಕ್ಸ್ ಹರಡಿ ಬೇಯಿಸುವ ಮೃದುವಾದ ಪದಾರ್ಥವಿದು. ಹೆಸರು ಹೀಗಿದ್ದರೂ ಈಸ್ಟರ್, ಕ್ರಿಸ್ಮಸ್, ಮದುವೆಯ ಕೂಟ ಎಲ್ಲದಕ್ಕೂ ಇದು ಬರುತ್ತದೆ. ೨೦೦೨ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ ಪಂದ್ಯಗಳು ನಡೆದಾಗ, ಈ ಅಡಿಗೆಯ ಚಿತ್ರವಿರುವ ಸ್ಮರಣೆಯ ಪಿನ್ನನ್ನೂ ಮಾಡಿದ್ದರು.

ಈ ಹೆಸರು ಬಂದ ಬಗೆ ನಮಗೆ ಅಪರಿಚಿತವಾದುದೇನಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೆರೆಯವರೋ ನೆಂಟರೋ ಅನ್ನ ಸಾರು ತಂದು, ‘ಎರಡು ತುತ್ತು ತಿನ್ನಿ’ ಎಂದು ಬಲವಂತ ಮಾಡುವ ಪದ್ಧತಿ ನಮ್ಮಲ್ಲಿ ಅನೇಕ ಕಡೆ ಉಂಟಷ್ಟೆ. ಯೂಟಾ ಸಂಸ್ಥಾನದಲ್ಲಿ ಮಾರ್ಮನ್ನರೆಂದು ಹೆಸರಾದ ಕ್ರೈಸ್ತ ಪಂಥದವರು ಬಹುಸಂಖ್ಯೆಯಲ್ಲಿದ್ದಾರೆ. ಅವರ ಸ್ತ್ರೀಯರಿಗೆ ‘ರಿಲೀಫ್ ಸೊಸೈಟಿ’ ಎಂಬ ಸಂಘವಿದೆ. ಅದು ೧೮೪೨ರಲ್ಲಿ ಹುಟ್ಟಿದ್ದು. ಊರಿನಲ್ಲಿ ಒಬ್ಬರು ತೀರಿಕೊಂಡರೆ, ಶವಸಂಸ್ಕಾರವಾದ ಮೇಲೆ ಆ ಮನೆಯವರಿಗೂ ದೂರದಿಂದ ಬಂದ ಬಂಧುಗಳಿಗೂ ಊಟ ಬಡಿಸುವುದು ಈ ಸಂಘದವರು ವಹಿಸಿಕೊಂಡು ಬಂದಿರುವ ಕೆಲಸ. ಸಾವು ಮೊದಲೇ ಹೇಳಿ ಬರುವುದಿಲ್ಲ. ಆದುದರಿಂದ ಮನೆಯಲ್ಲಿ ಇದ್ದುದರಲ್ಲಿಯೇ ಆಗುವ, ಹತ್ತಾರು ಜನಕ್ಕೆ ಸಾಕಾಗುವ, ಹೊತ್ತುಕೊಂಡು ಹೋಗಲು ಅನುಕೂಲವಾದ, ಮಕ್ಕಳೂ ಮುದುಕರೂ ಅಗಿಯದೆ ನುಂಗಬಹುದಾದ ಅಡಿಗೆ ಬೇಕಾಯಿತು. ಈ ಆಲೂಗೆಡ್ಡೆಯ ಪದಾರ್ಥ ಅದಕ್ಕೆ ಒದಗಿತು.

ಇದನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ ಬೇಯಿಸುವುದು ವಾಡಿಕೆ. ಆದರೆ ಅನೇಕರು ಈಗ ‘ಸ್ಲೋ ಕುಕ್ಕರ್’ ಎಂಬ ವಿದ್ಯುತ್ ಪಾತ್ರೆಯಲ್ಲಿ ಮಾಡುತ್ತಾರೆ. ಈ ಪಾತ್ರೆಯ ಕಥೆಯೂ ಒಲೆ ಹೊತ್ತದ ಮನೆಯಿಂದಲೇ ಹೊರಟಿತೆಂಬುದು ಸ್ವಾರಸ್ಯದ ಸಂಗತಿ. ಯೆಹೂದ್ಯರಿಗೆ ಶನಿವಾರ ವಿಶ್ರಾಂತಿಯ ದಿನ. ಅಂದು ಬೆಂಕಿ ಹೊತ್ತಿಸಬಾರದು. ಆದುದರಿಂದ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಹುರುಳಿಕಾಯಿಯ ಬೀಜ, ಮಾಂಸ, ಗೆಡ್ಡೆಗಳನ್ನು ಮಡಕೆಗೆ ತುಂಬಿ, ರೊಟ್ಟಿ ಸುಡುವವನ ಗೂಡಿನಲ್ಲಿಟ್ಟು ಬರುತ್ತಿದ್ದರು. ಗೂಡಿನ ಉಳಿದ ಕಾವಿನಲ್ಲಿ ಅದು ರಾತ್ರಿಯೆಲ್ಲ ಬೇಯುತ್ತಿತ್ತು. ಈ ಅಡಿಗೆಗೆ ‘ಚೋಲೆಂಟ್’ ಎಂದು ಹೆಸರು. ಲಿಥುವೇನಿಯದ ಈ ಪದ್ಧತಿಯನ್ನು ತಾಯಿಯ ಬಾಯಿಂದ ಕೇಳಿದ್ದ ಷಿಕಾಗೋ ನಗರದ ಅರ್ವಿಂಗ್ ನಾಕ್ಸನ್ ಎಂಬ ಎಂಜಿನಿಯರು, ಅದೇ ಮಂದವಾದ ಕಾವನ್ನು ವಿದ್ಯುತ್ತಿನಿಂದ ಕೊಡುವ ಪಾತ್ರೆಯನ್ನು ರಚಿಸಿ ೧೯೪೦ರಲ್ಲಿ ಪೇಟೆಂಟ್ ಪಡೆದರು. ೧೯೭೦ರಲ್ಲಿ ಅವರ ಉದ್ಯಮವನ್ನು ರೈವಲ್ ಕಂಪನಿ ಕೊಂಡಿತು. ಮರುವರ್ಷ ಆ ಪಾತ್ರೆ ‘ಕ್ರಾಕ್ ಪಾಟ್’ ಎಂಬ ಹೆಸರಿನಿಂದ ಪೇಟೆಗೆ ಬಂದು ಮನೆಮಾತಾಯಿತು.

ಪಾತ್ರೆಯ ರಚನೆ ಸರಳ. ಹೊರಗೆ ಲೋಹದ ಕವಚ, ಅದರ ಒಳಗೋಡೆಯ ಸುತ್ತ ಕಾಯುವ ತಂತಿ, ನಡುವೆ ದಪ್ಪನಾದ ಪಿಂಗಾಣಿಯ ಮಡಕೆ, ಮೇಲೆ ಗಾಜಿನ ಮುಚ್ಚಳ. ಕಾವು ಕೆಳಗಿನಿಂದ ಒಂದೇ ಕಡೆ ತಾಗದೆ ಸುತ್ತಲಿಂದ ಬರುವುದರಿಂದ ತಳ ಹತ್ತುವ ಭಯ ಕಡಿಮೆ. ಇದರಲ್ಲಿ ‘ಲೋ’ ಮತ್ತು ‘ಹೈ’ ಎಂದು ಎರಡು ಗುರುತುಗಳಿರುತ್ತವೆ. ‘ಹೈ’ ಎಂದರೆ ಬಹಳ ಹೆಚ್ಚು ಬಿಸಿಯೆಂದು ಭಾವಿಸಬೇಡಿ. ಸಾಮಾನ್ಯವಾಗಿ ಎರಡೂ ಕೊನೆಗೆ ಮುಟ್ಟುವುದು ಕುದಿಗೆ ತುಸು ಕೆಳಗಿನ ಬಿಸಿಯನ್ನೇ. ಒಂದು ಬೇಗ ಮುಟ್ಟುತ್ತದೆ, ಇನ್ನೊಂದು ತಡವಾಗಿ. ಆದುದರಿಂದಲೇ ಮುಚ್ಚಳ ತೆಗೆದು ತೆಗೆದು ನೋಡುವ ಚಪಲವನ್ನು ಬಿಡಬೇಕು. ಒಂದು ಸಲ ತೆರೆದರೆ ಕೂಡಿದ್ದ ಹಬೆ ಹೋಗಿ, ಬೇಯುವ ಹೊತ್ತು ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆ ಬೆಳೆಯುತ್ತದೆ.

ಇನ್ನು ಆಲೂಗೆಡ್ಡೆಯ ವಿಷಯ. ಹಸಿಯ ಆಲೂಗೆಡ್ಡೆಯನ್ನು ತುರಿದು ನೇರವಾಗಿ ಈ ಪಾತ್ರೆಗೆ ಹಾಕಿದರೆ ಎರಡು ಕೆಡುಕುಗಳು ಸಂಭವಿಸುತ್ತವೆ. ಕಾವು ನಿಧಾನವಾಗಿ ಏರುವಷ್ಟರಲ್ಲಿ ಗಾಳಿ ತಾಗಿ ಅದು ಕಪ್ಪಾಗುತ್ತದೆ, ಇದು ಮೊದಲನೆಯದು. ಎರಡನೆಯದು, ಅದು ಸರಿಯಾಗಿ ಬೇಯುವುದೇ ಇಲ್ಲ. ಇದಕ್ಕೆ ಕಾರಣ ನಿಮಗೆ ತಿಳಿದೇ ಇದೆ. ಹುಳಿಗೆ ತರಕಾರಿ ಬೇಯುವ ಮೊದಲೇ ಹುಣಸೇರಸ ಬಿಟ್ಟರೆ ಏನಾಗುತ್ತದೆ? ಎಷ್ಟು ಕುದಿಸಿದರೂ ಹೋಳು ಗಟ್ಟಿಯಾಗಿಯೇ ಉಳಿಯುತ್ತದೆ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥ ಹುಳಿಯಲ್ಲಿ ಸುಲಭವಾಗಿ ಕರಗದು. ಇಲ್ಲಿ ಹುಣಸೆಯ ಸ್ಥಾನದಲ್ಲಿ ಹುಳಿ ಕೆನೆ ಇದೆ, ಅಷ್ಟೆ. ಅಮೆರಿಕದ ಗೃಹಿಣಿಯರು ತುರಿದು ಹೆಪ್ಪುಗಟ್ಟಿಸಿದ ಆಲೂಗೆಡ್ಡೆಯ ಚೀಲವನ್ನು ತರುತ್ತಾರೆ. ಅದನ್ನು ಕಾರ್ಖಾನೆಯಲ್ಲಿಯೇ ಬಿಸಿನೀರಿನಲ್ಲಿ ಹದಮಾಡಿರುವುದರಿಂದ ಈ ತೊಂದರೆ ಅವರಿಗಿಲ್ಲ. ನೀವು ಹಸಿಯ ಆಲೂಗೆಡ್ಡೆಯಿಂದ ಮಾಡುವುದಾದರೆ ಸಿಪ್ಪೆ ತೆಗೆದು, ಅರ್ಧ ಅಂಗುಲದ ಹೋಳುಗಳಾಗಿ ಹೆಚ್ಚಿ, ಉಪ್ಪು ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ, ನೀರು ಬಸಿದು, ಬಿಸಿ ಇರುವಾಗಲೇ ಪಾತ್ರೆಗೆ ಹಾಕಿ. ಅರೆಬೆಂದುದನ್ನು ರಾತ್ರಿ ಇಟ್ಟು ಬೆಳಿಗ್ಗೆ ಮುಂದುವರಿಸುವುದು ಬೇಡ.

ಹಾಲಿನ ಪದಾರ್ಥಗಳಿಗೂ ಒಂದು ಮರ್ಮವುಂಟು. ಮಜ್ಜಿಗೆಹುಳಿಯನ್ನು ಕಡೆಯಲ್ಲಿ ಹೆಚ್ಚು ಕುದಿಸಿದರೆ ಅದು ಒಡೆದು ನೀರು ಬೇರೆ, ಗಸಿ ಬೇರೆ ಆಗುವುದನ್ನು ಬಲ್ಲಿರಿ. ಹುಳಿ ಕೆನೆಗೂ ಚೀಸಿಗೂ ಅದೇ ಗತಿ. ಅತಿಯಾದ ಬಿಸಿಯಲ್ಲಿ ಚೀಸಿನ ಸಸಾರಜನಕ ಬಿಗಿದುಕೊಂಡು ಕೊಬ್ಬನ್ನು ಹಿಂಡಿಬಿಡುತ್ತದೆ. ಮೇಲೆ ಎಣ್ಣೆ ತೇಲಿ, ಕೆಳಗೆ ರಬ್ಬರಿನಂಥ ಗಂಟುಗಳು ಉಳಿಯುತ್ತವೆ. ಪಿಷ್ಟ ಜೊತೆಗಿದ್ದರೆ ಹೀಗಾಗದಂತೆ ಕಾಯುತ್ತದೆ. ಅಲ್ಲಿಯವರು ಡಬ್ಬಿಯ ಗಟ್ಟಿ ಸೂಪನ್ನು ಸೇರಿಸುವುದು ರುಚಿಗೆ ಮಾತ್ರವಲ್ಲ; ಅದರಲ್ಲಿರುವ ಹಿಟ್ಟು ಈ ಕೆಲಸವನ್ನು ಮಾಡುತ್ತದೆ. ಆದರೆ ವಾಡಿಕೆಯಲ್ಲಿ ಅದು ಕೋಳಿಯ ಸೂಪು. ಶಾಕಾಹಾರಿಗಳಾದ ನೀವು ಮೂವತ್ತು ಗ್ರಾಂ ಬೆಣ್ಣೆಯಲ್ಲಿ ಮೂವತ್ತು ಗ್ರಾಂ ಮೈದಾ ಹಿಟ್ಟನ್ನು ಬಣ್ಣ ತಿರುಗದಂತೆ ಹುರಿದು, ಮುನ್ನೂರು ಮಿಲಿಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಗಂಟಿಲ್ಲದಂತೆ ಕುದಿಸಿದರೆ ಅದಕ್ಕೆ ಬದಲಾಗುತ್ತದೆ. ಹುಳಿ ಕೆನೆ ಸಿಗದಿದ್ದರೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಸಾಕು. ಚೀಸ್ ಕೊಳ್ಳುವಾಗ, ಅದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ ಹೆಪ್ಪಾದುದೇ ಎಂಬುದನ್ನು ಚೀಟಿಯಲ್ಲಿ ನೋಡಿಕೊಳ್ಳಿ.

ಹನ್ನೆರಡು ಜನಕ್ಕೆ, ಜೊತೆಯಲ್ಲಿ ಬೇರೆ ಪದಾರ್ಥಗಳೂ ಇರುವ ಊಟಕ್ಕೆ, ಅಳತೆ ಹೀಗೆ: ಆಲೂಗೆಡ್ಡೆ ೮೫೦ ಗ್ರಾಂ, ಸೂಪು ಅಥವಾ ಮೇಲೆ ಹೇಳಿದ ಹಾಲಿನ ಗಸಿ ೩೦೦ ಗ್ರಾಂ, ಹುಳಿ ಕೆನೆ ೪೫೦ ಗ್ರಾಂ, ತುರಿದ ಚೆಡ್ಡರ್ ಚೀಸ್ ೨೨೫ ಗ್ರಾಂ, ಬೆಣ್ಣೆ ೧೧೦ ಗ್ರಾಂ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಕಾರ್ನ್ ಫ್ಲೇಕ್ಸ್ ಎರಡು ಬಟ್ಟಲು, ಉಪ್ಪು, ಮೆಣಸಿನ ಪುಡಿ. ಚೀಸಿನಲ್ಲಿ ಉಪ್ಪಿರುವುದರಿಂದ ಉಪ್ಪಿಗೆ ಕೈ ಹಿಡಿತವಿರಲಿ.

ಪಾತ್ರೆಯ ಒಳಗೆ ಬೆಣ್ಣೆ ಸವರಿ. ಈರುಳ್ಳಿಯನ್ನು ಅರ್ಧದಷ್ಟು ಬೆಣ್ಣೆಯಲ್ಲಿ ಬಾಡಿಸಿಕೊಂಡು, ಆಲೂಗೆಡ್ಡೆ, ಗಸಿ, ಮೆಣಸಿನ ಪುಡಿ, ಅರ್ಧ ಚೀಸ್ ಎಲ್ಲವನ್ನೂ ಕಲಸಿ ತುಂಬಿ. ಹೆಪ್ಪುಗಟ್ಟಿದ ಆಲೂಗೆಡ್ಡೆಯಾದರೆ ಹಿಂದಿನ ರಾತ್ರಿಯೇ ರೆಫ್ರಿಜರೇಟರಿನ ಕೆಳಭಾಗದಲ್ಲಿಟ್ಟು ಕರಗಿಸಿಕೊಂಡಿರಬೇಕು. ಮುಚ್ಚಳ ಮುಚ್ಚಿ ‘ಲೋ’ ಗುರುತಿನಲ್ಲಿ ನಾಲ್ಕು ಗಂಟೆ, ಅಥವಾ ‘ಹೈ’ ಗುರುತಿನಲ್ಲಿ ಎರಡೂವರೆ ಗಂಟೆ ಬಿಡಿ. ಹೋಳು ಬೆರಳಿಗೆ ಮೃದುವಾದ ಮೇಲೆ ಹುಳಿ ಕೆನೆಯನ್ನೂ ಉಳಿದ ಚೀಸನ್ನೂ ಬೆರೆಸಿ, ಇನ್ನು ಅರ್ಧ ಗಂಟೆ ‘ಲೋ’ದಲ್ಲಿಡಿ. ಎಲ್ಲವನ್ನೂ ಮೊದಲೇ ಕಲಸುವವರೂ ಇದ್ದಾರೆ. ಒಡೆಯದಿರಲು ಈ ಕ್ರಮ ಮೇಲು. ಕಾರ್ನ್ ಫ್ಲೇಕ್ಸನ್ನು ಮಾತ್ರ ಒಳಗೆ ಬೇಯಿಸಬೇಡಿ. ಮುಚ್ಚಳದಿಂದ ತೊಟ್ಟಿಕ್ಕುವ ಹಬೆಯ ನೀರಿಗೆ ಅದು ಗಂಜಿಯಾಗುತ್ತದೆ. ಉಳಿದ ಬೆಣ್ಣೆಯಲ್ಲಿ ಬಾಣಲೆಯ ಮೇಲೆ ಹುರಿದಿಟ್ಟುಕೊಂಡು ಬಡಿಸುವಾಗ ಉದುರಿಸಿ.

ಇಷ್ಟಕ್ಕೆ ನಾಲ್ಕು ಲೀಟರಿನ ಪಾತ್ರೆ ಸರಿಹೋಗುತ್ತದೆ. ಪಾತ್ರೆಯ ಅರ್ಧಕ್ಕಿಂತ ಕಡಿಮೆಯಾಗಲಿ, ಮುಕ್ಕಾಲಿಗಿಂತ ಹೆಚ್ಚಾಗಲಿ ತುಂಬಬಾರದು. ಇಪ್ಪತ್ತೈದು ಜನ ಬರುವರೆಂದು ಒಂದೇ ಪಾತ್ರೆಗೆ ಎರಡರಷ್ಟು ತುರುಕಿದರೆ ನಡುವಿನ ಭಾಗಕ್ಕೆ ಕಾವು ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಹಾಗೆ ಮಾಡುವ ಬದಲು ನೆರೆಮನೆಯಿಂದ ಇನ್ನೊಂದು ಪಾತ್ರೆಯನ್ನು ಕೇಳಿ ತನ್ನಿ.

ಇದು ಬರಿಯ ರುಚಿಯ ಮಾತಲ್ಲ. ನಾಲ್ಕು ಡಿಗ್ರಿ ಸೆಲ್ಸಿಯಸ್‌ನಿಂದ ಅರವತ್ತು ಡಿಗ್ರಿಯವರೆಗಿನ ಬಿಸಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಸ್ಲೋ ಕುಕ್ಕರಿನಲ್ಲಿ ಆಹಾರ ಈ ಹಾದಿಯನ್ನು ಆದಷ್ಟು ಬೇಗ ದಾಟಬೇಕು. ನಡುವೆ ವಿದ್ಯುತ್ತು ಹೋಗಿದ್ದು ನೀವು ಮನೆಯಲ್ಲಿ ಇರದಿದ್ದರೆ, ನೋಡಲು ಬೆಂದಂತೆ ಕಂಡರೂ ಅದನ್ನು ಚೆಲ್ಲಬೇಕು. ನೀವು ಎದುರಿಗೇ ಇದ್ದರೆ ಕೂಡಲೆ ಗ್ಯಾಸ್ ಒಲೆಗೆ ಬದಲಾಯಿಸಿ ಬೇಯಿಸಿಬಿಡಿ. ಬಡಿಸುವವರೆಗೆ ‘ವಾರ್ಮ್’ ಗುರುತಿನಲ್ಲಿಟ್ಟರೆ ಬಿಸಿ ಅರವತ್ತಕ್ಕಿಂತ ಮೇಲೆಯೇ ನಿಲ್ಲುತ್ತದೆ. ಊಟವಾದ ಎರಡು ಗಂಟೆಗಳೊಳಗೆ ಉಳಿದುದನ್ನು ತೆಳ್ಳಗಿನ ತಟ್ಟೆಗಳಿಗೆ ಹರಡಿ ರೆಫ್ರಿಜರೇಟರಿಗೆ ಸೇರಿಸಿ. ಮಾರನೆಯ ದಿನ ಈ ಪಾತ್ರೆಯಲ್ಲಿ ಬಿಸಿಮಾಡದೆ, ಒಲೆಯ ಮೇಲೆ ಚೆನ್ನಾಗಿ ಕಾಯಿಸಿರಿ. ದುಃಖದ ಮನೆಯಲ್ಲಿ ವಯಸ್ಸಾದವರು, ರಾತ್ರಿಯೆಲ್ಲ ನಿದ್ದೆಗೆಟ್ಟವರು, ಎರಡು ದಿನದಿಂದ ಏನೂ ತಿನ್ನದವರು ಇರುತ್ತಾರೆ. ಅವರಿಗೆ ಒಯ್ಯುವ ಅನ್ನದಲ್ಲಿ ಅಜಾಗರೂಕತೆ ಇರಬಾರದು.

ಅಮೆರಿಕದಲ್ಲಿರುವ ನಿಮ್ಮ ಮಗನೋ ಸೊಸೆಯೋ ಅಲ್ಲಿಯ ಕನ್ನಡ ಕೂಟಕ್ಕೆ, ಪ್ರತಿಯೊಬ್ಬರೂ ಒಂದೊಂದು ಅಡಿಗೆ ತರುವ ಸಂತೋಷದ ಊಟಕ್ಕೆ, ಇಂಥ ಪಾತ್ರೆಯಲ್ಲಿ ಬಿಸಿಬೇಳೆಬಾತನ್ನು ಹೊತ್ತು ಹೋಗುತ್ತಿರಬಹುದು. ಈ ಆಲೂಗೆಡ್ಡೆಯೂ ಅಲ್ಲಿ ಬೇಗ ಖರ್ಚಾದೀತು. ಆದರೆ ಪಕ್ಕದ ಮನೆಯ ಬಾಗಿಲಲ್ಲಿ ಒಂದು ದಿನ ಜನ ಮೌನವಾಗಿ ನಿಂತಿರುವುದನ್ನು ಕಂಡರೆ ಆಗಲೂ ಇದು ನೆನಪಿರಲಿ. ಅಲ್ಲಿಗೆ ಹೋಗಿ ‘ಏನಾದರೂ ಬೇಕಾದರೆ ಹೇಳಿ’ ಎಂದರೆ ಅವರು ಏನನ್ನೂ ಹೇಳಲಾರರು. ಬಿಸಿಯಾದ ಪಾತ್ರೆಯನ್ನು, ಬಡಿಸುವ ಚಮಚವನ್ನು, ತಟ್ಟೆಗಳನ್ನು ಜೊತೆಗೇ ಒಯ್ಯಿರಿ; ಬಡಿಸಿ, ತೊಳೆದು, ಪಾತ್ರೆಯನ್ನು ನೀವೇ ಹಿಂದಕ್ಕೆ ತನ್ನಿರಿ. ಆ ಮನೆಯ ಗೃಹಿಣಿಗೆ ಅಂದು ಪಾತ್ರೆ ತೊಳೆದು ಮರಳಿಸುವ ಕೆಲಸವೂ ಇರಬಾರದು.