ಕಾರಿನ ಗಾಜು ಬದಲಾಯಿಸಿದಿರಾ? ಕ್ಯಾಮರಾದ ಕಣ್ಣನ್ನೂ ಪರೀಕ್ಷಿಸಿಕೊಳ್ಳಿ

ಒಂದು ಕಾಲದಲ್ಲಿ ಮುಂಬಯಿಯ ನಮ್ಮವರಿಗೆ ಊರಿಗೆ ಹೋಗಲು ರಾತ್ರಿ ಬಸ್ಸೇ ಗತಿಯಾಗಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಆ ಕಷ್ಟ ತಪ್ಪಿತು. ಈಗ ಹೊಟೇಲು, ಕ್ಯಾಟರಿಂಗ್, ಟ್ರಾನ್ಸ್‌ಪೋರ್ಟ್ ಉದ್ಯಮದಲ್ಲಿ ಬೆವರು ಸುರಿಸಿ ಮೇಲೆ ಬಂದ ಅನೇಕ ಬಂಧುಗಳು ಸ್ವಂತ ಕಾರಿನಲ್ಲೇ ಊರಿಗೆ ಹೊರಡುತ್ತಾರೆ. ಅದರಲ್ಲೂ ದೊಡ್ಡ ಎಸ್‌ಯುವಿಗಳು ಈಗ ಸಂಘದ ಸಮಾರಂಭಗಳ ಪಾರ್ಕಿಂಗ್‌ನಲ್ಲಿ ಸಾಲು ಸಾಲಾಗಿ ಕಾಣಸಿಗುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಈ ಕಾರುಗಳ ಬಗ್ಗೆ ನಮಗೆ ತಿಳಿಯದ ಒಂದು ವಿಷಯವಿದೆ. ಅದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಓದುಗ ಬಂಧುಗಳಿಗೆ ಪ್ರಯೋಜನವಾದೀತೆಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನನ್ನ ತಂಗಿಯ ಗಂಡ, ನಮ್ಮ ಭಾವ, ಹೊಟೇಲು ಉದ್ಯಮಿ. ಇಪ್ಪತ್ತೈದು ವರ್ಷ ಗಲ್ಲೆಯಲ್ಲಿ ಕುಳಿತು ದುಡಿದ ಮೇಲೆ ವಿದೇಶಿ ಕಂಪೆನಿಯ ಒಂದು ಎಸ್‌ಯುವಿ ಕೊಂಡರು. ಸಾಲದ ಕಾಗದಪತ್ರ, ವಿಮೆಯ ಲೆಕ್ಕ ಎಲ್ಲವನ್ನೂ ನೋಡಿಕೊಂಡವನು ಬ್ಯಾಂಕ್ ನೌಕರನಾದ ನಾನು. ಕಳೆದ ಮೇ ತಿಂಗಳಲ್ಲಿ ಊರಿನಿಂದ ವಾಪಸಾಗುವಾಗ ಸಾತಾರದ ಸಮೀಪ ಮುಂದೆ ಹೋಗುತ್ತಿದ್ದ ಟಿಪ್ಪರ್‌ನಿಂದ ಜಲ್ಲಿಕಲ್ಲೊಂದು ಹಾರಿ ಮುಂದಿನ ಗಾಜಿಗೆ ಬಡಿಯಿತು. ನಕ್ಷತ್ರದ ಆಕಾರದ ಸಣ್ಣ ಬಿರುಕು ಪನ್ವೇಲ್ ತಲಪುವಷ್ಟರಲ್ಲಿ ಗಾಜಿನ ಅರ್ಧದವರೆಗೂ ಹರಿದಿತ್ತು.

ಕಂಪೆನಿಯ ವರ್ಕ್‌ಶಾಪಿನವರು ಕೊಟ್ಟ ಅಂದಾಜು ಪಟ್ಟಿ ಲಕ್ಷ ರೂಪಾಯಿ ದಾಟಿತ್ತು. ಭಾವ ನನ್ನನ್ನು ಕೇಳಿದರು. ನಾನು ಕ್ಯಾಲ್ಕ್ಯುಲೇಟರ್ ಹಿಡಿದೆ. ವಿಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಶೇ. 50ರ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಹೊರಗೆ ಹಾಕಿಸಿದರೆ ಮೂರನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ‘ಗಾಜು ಗಾಜೇ ತಾನೇ ಭಾವ, ಹೊರಗೆ ಹಾಕಿಸಿ ಬಿಡಿ’ ಎಂದೆ. ಠಾಣೆ ಕಡೆಯ ಒಂದು ಗಾಜಿನ ಅಂಗಡಿಯಲ್ಲಿ ಅರ್ಧ ದಿನದಲ್ಲಿ ಹೊಸ ಗಾಜು ಬಂತು. ‘ಕ್ಯಾಮರಾವನ್ನು ಹೇಗೆ ತೆಗೆದೆವೋ ಹಾಗೆಯೇ ಹಾಕಿದ್ದೇವೆ’ ಎಂದರು ಅಂಗಡಿಯವರು. ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆಯ ದೀಪವೂ ಉರಿಯಲಿಲ್ಲ. ನಾವು ನಿಶ್ಚಿಂತರಾದೆವು.

ಚೌತಿಗೆ ಊರಿಗೆ ಹೊರಟಾಗ ಕಾರಿನಲ್ಲಿ ಭಾವ, ತಂಗಿ, ನಾನು ಮತ್ತು 82 ವರ್ಷದ ನಮ್ಮ ಅಮ್ಮ. ನಗರದೊಳಗೆ ಏನೂ ಗೊತ್ತಾಗಲಿಲ್ಲ. ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿ ವೇಗ ಹೆಚ್ಚಿದ ಮೇಲೆ ಸ್ಟೇರಿಂಗ್ ತಾನಾಗಿ ಎಡಕ್ಕೆ ಎಳೆಯತೊಡಗಿತು. ‘ಅಲೈನ್‌ಮೆಂಟ್ ಹೋಗಿರಬೇಕು’ ಎಂದುಕೊಂಡರು ಭಾವ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಲೇನಿನಲ್ಲಿ ಒಂದು ಕಂಟೇನರ್ ಲಾರಿ ಹೋಗುತ್ತಿತ್ತು. ನಮ್ಮ ಮುಂದೆ ರಸ್ತೆ ಖಾಲಿ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಗುರುತು ಮಿನುಗಿ, ಕಾರು ತಾನಾಗಿಯೇ ಧಡಾರನೆ ಬ್ರೇಕ್ ಹಾಕಿತು. ಅಮ್ಮನ ಮಡಿಲಲ್ಲಿದ್ದ ಹೂವಿನ ಬುಟ್ಟಿ ಮುಂದಿನ ಸೀಟಿಗೆ ಬಡಿಯಿತು. ಬೆಲ್ಟ್ ಹಾಕಿದ್ದರಿಂದ ಅಮ್ಮನಿಗೆ ಪೆಟ್ಟಾಗಲಿಲ್ಲ. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕ ಹಾರ್ನ್ ಒತ್ತುತ್ತಾ ಪಕ್ಕಕ್ಕೆ ತಿರುಗಿಸಿ ಪಾರು ಮಾಡಿದ. ಆ ಪುಣ್ಯಾತ್ಮ ಒಂದು ಕ್ಷಣ ತಡ ಮಾಡಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಖಾಲಾಪುರದ ಫುಡ್ ಮಾಲ್‌ನಲ್ಲಿ ಕಾರು ನಿಲ್ಲಿಸಿ ವರ್ಕ್‌ಶಾಪಿಗೆ ಫೋನ್ ಮಾಡಿದೆವು. ವಿಷಯ ಕೇಳಿದ ಕೂಡಲೇ ಅಲ್ಲಿಯ ಹುಡುಗ ಕೇಳಿದ ಮೊದಲ ಪ್ರಶ್ನೆ: ‘ಮುಂದಿನ ಗಾಜು ಬದಲಾಯಿಸಿದ್ದೀರಾ? ಕ್ಯಾಲಿಬ್ರೇಶನ್ ಮಾಡಿಸಿದ್ದೀರಾ?’

ಗಾಜಿನ ಹಿಂದಿನ ಕಣ್ಣು

ಇಂದಿನ ಅನೇಕ ಕಾರುಗಳಲ್ಲಿ ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ತಾಗಿದಂತೆ ಒಂದು ಪುಟ್ಟ ಕ್ಯಾಮರಾ ಇರುತ್ತದೆ. ರಸ್ತೆಯ ಬಿಳಿ ಗೆರೆ, ಮುಂದಿನ ವಾಹನ, ದಾಟುತ್ತಿರುವ ಮನುಷ್ಯ, ವೇಗಮಿತಿಯ ಫಲಕ ಇವೆಲ್ಲವನ್ನೂ ಅದು ನೋಡುತ್ತಿರುತ್ತದೆ. ಬಂಪರಿನ ಕಡೆ ಇರುವ ರಾಡಾರ್ ಜೊತೆ ಸೇರಿ ಎಚ್ಚರಿಸುವುದು, ಲೇನಿನೊಳಗೆ ಸ್ಟೇರಿಂಗ್ ತಿರುಗಿಸುವುದು, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುವುದು ಇದರ ಕೆಲಸ. ಚಾಲಕನಿಗೆ ನೆರವಾಗುವ ಈ ವ್ಯವಸ್ಥೆಗೆ ‘ಅಡಾಸ್’ ಎಂದು ಹೆಸರು.

ಜಪಾನಿನ ಸುಬಾರು ಕಂಪೆನಿ 2008ರಲ್ಲೇ ಗಾಜಿನ ಹಿಂದೆ ಎರಡು ಕ್ಯಾಮರಾ ಇಟ್ಟು ‘ಐಸೈಟ್’ ಎಂಬ ವ್ಯವಸ್ಥೆ ತಂದಿತ್ತು. ನಮ್ಮ ದೇಶದಲ್ಲಿ 2020ರಲ್ಲಿ ಬಂದ ಎಂ.ಜಿ. ಗ್ಲೋಸ್ಟರ್, 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700 ಮುಂತಾದ ಗಾಡಿಗಳಿಂದ ಇದು ಹೆಚ್ಚು ಜನರಿಗೆ ಪರಿಚಯವಾಯಿತು. ಆದುದರಿಂದ ಇದು ಶ್ರೀಮಂತರ ಕಾರಿನ ಸಮಸ್ಯೆ ಮಾತ್ರ ಎಂದು ಯಾರೂ ತಿಳಿಯಬಾರದು.

ಈ ಕ್ಯಾಮರಾ ಕೂರುವ ಬ್ರಾಕೆಟ್ ಸಾಮಾನ್ಯವಾಗಿ ಗಾಜಿಗೇ ಅಂಟಿಕೊಂಡಿರುತ್ತದೆ. ಕ್ಯಾಮರಾ ನೋಡುವುದೂ ಆ ಗಾಜಿನ ಮೂಲಕವೇ. ಗಾಜು ಬದಲಾದಾಗ ಅದು ಕೂರುವ ಕೋನ ಕೂದಲೆಳೆಯಷ್ಟಾದರೂ ವ್ಯತ್ಯಾಸವಾಗುತ್ತದೆ. ಅಷ್ಟರಿಂದ ಏನಾಗುತ್ತದೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಕ್ಯಾಮರಾದ ದೃಷ್ಟಿ ಬರೀ 1 ಡಿಗ್ರಿ ವಾಲಿದರೆ 100 ಮೀಟರ್ ದೂರದಲ್ಲಿ ಅದು ಸುಮಾರು 1.75 ಮೀಟರ್ ತಪ್ಪಿ ನೋಡುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಅಂದರೆ ಅರ್ಧ ಲೇನು ತಪ್ಪಿತು! ಪಕ್ಕದ ಲೇನಿನ ಲಾರಿ ನಮ್ಮ ಎದುರಿಗೇ ಇದೆ ಎಂದು ಅದು ಭ್ರಮಿಸಬಹುದು. ನಿಜವಾಗಿ ಎದುರಿಗಿರುವುದನ್ನು ಪಕ್ಕದಲ್ಲಿದೆ ಎಂದು ಬಿಟ್ಟುಬಿಡಲೂಬಹುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ ಎನ್ನುವುದನ್ನೂ ನೆನಪಿಡಬೇಕು.

ಎಚ್ಚರಿಕೆಯ ದೀಪ ಉರಿಯಲಿಲ್ಲವಲ್ಲ ಎಂದು ನಮ್ಮ ಭಾವನೂ ಕೇಳಿದರು. ಕ್ಯಾಮರಾ ಕೆಟ್ಟರೆ ದೀಪ ಉರಿಯುತ್ತದೆ. ಆದರೆ ಅದು ತಪ್ಪು ದಿಕ್ಕಿಗೆ ನೋಡುತ್ತಿದ್ದರೆ ತಾನು ತಪ್ಪಾಗಿ ನೋಡುತ್ತಿದ್ದೇನೆ ಎಂದು ಅದಕ್ಕೆ ಎಲ್ಲ ಸಲ ತಿಳಿಯುವುದಿಲ್ಲ. ಐವತ್ತು ದಾಟಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಕನ್ನಡಕದ ನಂಬರು ಸರಿ ಇದ್ದರೂ ಫ್ರೇಮಿನಲ್ಲಿ ಗಾಜು ಸ್ವಲ್ಪ ಆಚೀಚೆ ಕೂತಿದ್ದರೆ ಮೆಟ್ಟಿಲು ಇಳಿಯುವಾಗ ಕಾಲು ತಪ್ಪುತ್ತದಲ್ಲವೇ?

ಕ್ಯಾಲಿಬ್ರೇಶನ್ ಹೇಗೆ ನಡೆಯುತ್ತದೆ?

ಅಂದು ಆ ಹುಡುಗ ಹೇಳಿದಂತೆ ಮೆನುವಿನಲ್ಲಿ ಈ ಸೌಲಭ್ಯಗಳನ್ನೆಲ್ಲ ಬಂದ್ ಮಾಡಿದೆವು. ಆ ಕಾರಿನಲ್ಲಿ ಪ್ರತಿ ಸಲ ಇಂಜಿನ್ ಚಾಲೂ ಮಾಡಿದಾಗ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಪುನಃ ಆನ್ ಆಗುತ್ತದೆ. ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ಅದನ್ನು ಮತ್ತೆ ಬಂದ್ ಮಾಡುವುದು ನನ್ನ ಜವಾಬ್ದಾರಿಯಾಯಿತು. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಮೂಲಕ ಅಂಕೋಲಾಕ್ಕೆ ಇಳಿದು, ಹಳೆಯ ಕಾಲದಂತೆ ಭಾವನ ಎರಡು ಕಣ್ಣುಗಳ ಭರವಸೆಯಲ್ಲೇ ಉಡುಪಿ ತಲಪಿದೆವು.

ಮುಂಬಯಿಗೆ ಮರಳಿದ ಮೇಲೆ ವರ್ಕ್‌ಶಾಪಿನಲ್ಲಿ ಇಡೀ ದಿನ ನಿಂತು ಆ ಕೆಲಸ ನೋಡಿದೆ. ಇದರಲ್ಲಿ ಎರಡು ವಿಧ. ಒಂದು, ನಿಲ್ಲಿಸಿ ಮಾಡುವುದು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಕಂಪೆನಿ ಹೇಳಿದ ದೂರ ಮತ್ತು ಎತ್ತರದಲ್ಲಿ ಕಪ್ಪು-ಬಿಳಿ ಚಿತ್ತಾರದ ಒಂದು ಬೋರ್ಡನ್ನು ಲೇಸರ್ ಗೆರೆಯಿಂದ ಅಳೆದು ಇಡುತ್ತಾರೆ. ಕಾರಿಗೆ ಸ್ಕ್ಯಾನರ್ ಜೋಡಿಸಿದಾಗ ಕ್ಯಾಮರಾ ಆ ಬೋರ್ಡನ್ನು ನೋಡಿ ತನ್ನ ದೃಷ್ಟಿಯನ್ನು ಸರಿಪಡಿಸಿಕೊಳ್ಳುತ್ತದೆ. ಅದಕ್ಕೂ ಮೊದಲು ಚಕ್ರದ ಅಲೈನ್‌ಮೆಂಟ್, ಟಯರಿನ ಗಾಳಿ ಪರೀಕ್ಷಿಸಿದರು. ಡಿಕ್ಕಿಯಲ್ಲಿದ್ದ ಊರಿನ ತೆಂಗಿನಕಾಯಿ, ಅಕ್ಕಿಯ ಚೀಲಗಳನ್ನು ಇಳಿಸಲು ಹೇಳಿದರು. ಹಿಂದೆ ಭಾರವಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ಕ್ಯಾಮರಾದ ದೃಷ್ಟಿಯೂ ಅದರ ಜೊತೆ ಏಳುತ್ತದೆ.

ಇನ್ನೊಂದು, ಓಡಿಸಿ ಮಾಡುವುದು. ಸ್ಕ್ಯಾನರ್ ಜೋಡಿಸಿಕೊಂಡೇ, ಬಿಳಿ ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಹೇಳಿದ ವೇಗದಲ್ಲಿ ಸ್ವಲ್ಪ ದೂರ ಓಡಿಸಬೇಕು. ಜೋರು ಮಳೆ ಬಂದರೆ, ಗೆರೆ ಮಾಸಿದ್ದರೆ, ಟ್ರಾಫಿಕ್ ಜಾಮ್ ಆದರೆ ಕೆಲಸ ಪೂರ್ತಿಯಾಗುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಈ ಮೂರೂ ಒಟ್ಟಿಗೆ ಸಿಗುತ್ತವೆ! ಕೆಲವು ಕಾರುಗಳಿಗೆ ಒಂದು ವಿಧ ಸಾಕು, ಕೆಲವಕ್ಕೆ ಎರಡೂ ಬೇಕು. ಕೆಲವು ಕಾರುಗಳಲ್ಲಿ ಕ್ಯಾಮರಾ ರಸ್ತೆಯಲ್ಲಿ ಓಡುತ್ತಾ ತಾನೇ ಹೊಂದಿಸಿಕೊಳ್ಳುತ್ತದೆ. ಆಯಾ ಕಂಪೆನಿಯ ಕ್ರಮವನ್ನೇ ಅನುಸರಿಸಬೇಕು.

ನಮ್ಮ ಕಾರಿನ ಕ್ಯಾಲಿಬ್ರೇಶನ್ ಮೂರು ಸಲವೂ ವಿಫಲವಾಯಿತು. ಬಿಚ್ಚಿ ನೋಡಿದರೆ ಹೊರಗಿನಿಂದ ಹಾಕಿಸಿದ ಗಾಜಿನ ಬ್ರಾಕೆಟ್ಟೇ ಸ್ವಲ್ಪ ಓರೆಯಾಗಿತ್ತು. ಕೊನೆಗೆ ಆ ಗಾಜನ್ನೂ ತೆಗೆದು ಕಂಪೆನಿಯ ಗಾಜನ್ನೇ ಹಾಕಿಸಬೇಕಾಯಿತು. ನಾನು ಉಳಿಸಿಕೊಟ್ಟ ಹಣವೂ ಹೋಯಿತು, ಮೇಲಿನಿಂದ ಇನ್ನಷ್ಟು ಖರ್ಚಾಯಿತು. ಭಾವ ಒಂದು ಮಾತೂ ಆಡಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು.

ನೆನಪಿಡಬೇಕಾದ ಅಂಶಗಳು

1. ಗಾಜು ಒಡೆದ ಕೂಡಲೇ, ರಿಪೇರಿಗೆ ಮೊದಲೇ ವಿಮಾ ಕಂಪೆನಿಗೆ ತಿಳಿಸಿರಿ. ಸಮಗ್ರ ವಿಮೆಯಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ಕಡ್ಡಾಯವಾಗಿ ನಾವು ಭರಿಸಬೇಕಾದ ಮೊತ್ತ 1,500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕಿಂತ ದೊಡ್ಡದಕ್ಕೆ 2,000 ರೂ. ಕ್ಯಾಲಿಬ್ರೇಶನ್ ಖರ್ಚನ್ನೂ ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆಸಿ, ಅದು ಮಂಜೂರಾಗುತ್ತದೆಯೇ ಎಂದು ಸರ್ವೇಯರ್ ಬಳಿ ಮುಂಚಿತವಾಗಿ ಕೇಳಿರಿ. ನೋ ಕ್ಲೇಮ್ ಬೋನಸ್ ಉಳಿಸುವ ಹೆಚ್ಚುವರಿ ಕವರ್ ನಿಮ್ಮ ಪಾಲಿಸಿಯಲ್ಲಿ ಇದೆಯೇ ನೋಡಿಕೊಳ್ಳಿರಿ.

2. ನಿಮ್ಮ ಮಾಡೆಲಿಗೇ ಸರಿಯಾದ ಗಾಜು ಬೇಕು. ಗಾಜಿನ ಮೇಲೆ ವೇಗ ಇತ್ಯಾದಿ ತೋರಿಸುವ ಡಿಸ್‌ಪ್ಲೇ ಇರುವ ಕಾರಿಗೆ ಬೇರೆಯೇ ಗಾಜು. ಮಾಮೂಲಿ ಗಾಜು ಹಾಕಿದರೆ ಅಕ್ಷರ ಎರಡೆರಡಾಗಿ ಕಾಣುತ್ತದೆ. ಮಳೆ ಸೆನ್ಸರನ್ನೂ ಸರಿಯಾಗಿ ಕೂರಿಸಿದ್ದಾರೆಯೇ ನೋಡಿರಿ.

3. ಗಾಜಿನ ಅಂಟು ಒಣಗಲು ಹೇಳಿದಷ್ಟು ಸಮಯ ಕೊಡಿರಿ. ಅಪಘಾತದಲ್ಲಿ ಏರ್‌ಬ್ಯಾಗ್ ಉಬ್ಬುವಾಗ ಅದಕ್ಕೆ ಆಸರೆಯಾಗುವುದು ಈ ಗಾಜು.

4. ಕಾರು ಕೈಗೆ ತೆಗೆದುಕೊಳ್ಳುವ ಮೊದಲು ಕ್ಯಾಲಿಬ್ರೇಶನ್ ಯಶಸ್ವಿಯಾಯಿತೆಂಬ ಸ್ಕ್ಯಾನರ್ ವರದಿಯನ್ನು ಕಾಗದದ ಮೇಲೆ ಕೇಳಿ ಪಡೆಯಿರಿ. ಬಾಯಿಮಾತು ಸಾಲದು.

5. ಮುಂಭಾಗದ ಅಪಘಾತ, ಸಸ್ಪೆನ್ಶನ್ ಕೆಲಸ, ಅಲೈನ್‌ಮೆಂಟ್ ಅಥವಾ ಟಯರ್ ಸೈಜಿನ ಬದಲಾವಣೆ ನಡೆದಾಗಲೂ ಇದು ಬೇಕೇ ಎಂದು ವಿಚಾರಿಸಿರಿ. ಆಗುವವರೆಗೆ ಆ ಸೌಲಭ್ಯಗಳನ್ನು ನಂಬಿ ಓಡಿಸಬೇಡಿರಿ.

ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದವನು ನಾನು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಲೆಡ್ಜರ್ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಅಂಥವನು ಪ್ರೀಮಿಯಂ, ಬೋನಸ್, ಬಿಲ್ಲು ಎಲ್ಲವನ್ನೂ ಕೂಡಿಸಿ ಕಳೆದೆ. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಮ್ಮ ಸಂಘಗಳು ರಕ್ತದಾನ, ಕಣ್ಣಿನ ತಪಾಸಣೆಯಂತಹ ಶಿಬಿರಗಳನ್ನು ವರ್ಷವೂ ಅಚ್ಚುಕಟ್ಟಾಗಿ ನಡೆಸುತ್ತಾ ಬಂದಿವೆ. ಮೇ ರಜೆ ಮತ್ತು ಚೌತಿಗೆ ಮುಂಚೆ, ಊರಿಗೆ ಕಾರಿನಲ್ಲಿ ಹೋಗುವವರಿಗಾಗಿ ಒಂದು ಭಾನುವಾರ ಅರ್ಧ ದಿನದ ಮಾಹಿತಿ ಶಿಬಿರವನ್ನೂ ಏರ್ಪಡಿಸಿದರೆ ಉಪಕಾರವಾದೀತು. ವಾಹನ ರಿಪೇರಿ ಕ್ಷೇತ್ರದಲ್ಲಿ, ವಿಮಾ ಕ್ಷೇತ್ರದಲ್ಲಿ ಇರುವ ನಮ್ಮವರೇ ಅಲ್ಲಿ ನಾಲ್ಕು ಮಾತು ತಿಳಿಸಲಿ. ಊರಿನಲ್ಲಿ ದಾರಿ ಕಾಯುವವರಿಗೆ ನಾವು ಕ್ಷೇಮವಾಗಿ ತಲಪುವುದಕ್ಕಿಂತ ದೊಡ್ಡ ಹಬ್ಬ ಇನ್ನೇನಿದೆ?